ಗಾಳದ ಕಣ್ಣಿಗೆ ಜಾಗ ಬಿಡಿ: ಪುಟ್ಟ ಡ್ರೈ ಫ್ಲೈ ಕಟ್ಟುವ ಬಗೆ

ಟ್ರೌಟ್ ತಣ್ಣೀರಿನ ಮೀನು. ನಮ್ಮ ಕಾಳಿ, ಅಘನಾಶಿನಿಯಲ್ಲಿ ಸಿಗುವುದಲ್ಲ. ಆದರೆ ಹಿಮಾಚಲದ ತೀರ್ಥನ್ ಹೊಳೆಗೆ ಹೊರಡುವ ಕಾರವಾರದ ಹುಡುಗರು ಬೇಸಿಗೆ ಬಂತೆಂದರೆ ನೀರ ಮೇಲೆ ತೇಲುವ ಡ್ರೈ ಫ್ಲೈ, ಅಂದರೆ ಗಾಳಕ್ಕೆ ಗರಿ, ತುಪ್ಪಳ ಸುತ್ತಿ ಮಾಡುವ ಹುಳುವಿನಂಥ ಹುಸಿ ಎರೆ, ಕಟ್ಟುವುದನ್ನು ಕಲಿಯಲು ನನ್ನ ಜಗಲಿಗೆ ಬರುತ್ತಾರೆ. ಎಲ್ಲರೂ ಎಡವುವುದು ಒಂದೇ ಕಡೆ. ಗರಿ ಸುತ್ತಿ ಮುಗಿಯುವಷ್ಟರಲ್ಲಿ ಗಾಳದ ಕಣ್ಣು ಮುಚ್ಚಿಹೋಗಿರುತ್ತದೆ. ಹೊಳೆಯ ದಂಡೆಯಲ್ಲಿ ನಿಂತು ದಾರ ಪೋಣಿಸಲು ಹೋದಾಗಲೇ ಅದು ಗೊತ್ತಾಗುವುದು.

ಬೇಕಾದದ್ದು ಇಷ್ಟು: 16ನೇ ನಂಬರಿನ ತೆಳು ತಂತಿಯ ಗಾಳ, ಫ್ಲೈ ಕಟ್ಟುವ 8/0 ಅಳತೆಯ ತೆಳು ನೂಲು, ಮೊಲದ ಬೂದು ತುಪ್ಪಳ, ಹುಂಜದ ಕುತ್ತಿಗೆಯ ಗರಿ, ಒಂದು ಚೂರು ಜೇನುಮೇಣ. ಮೇಣವನ್ನು ನಾನು ಶಿರಸಿ ಕಡೆಯಿಂದಲೇ ತರಿಸುತ್ತೇನೆ, ತುಡುವೆ ಜೇನಿನದು. ದರ್ಜಿಯ ದಾರ ಬೇಡವೇ ಬೇಡ, ಆ ದಪ್ಪಕ್ಕೆ ತಲೆ ಗಂಟುಕಟ್ಟುತ್ತದೆ. ಬಣ್ಣ ಹಾಕಿ ಪೊಟ್ಟಣದಲ್ಲಿ ಮಾರುವ ಅಗ್ಗದ ಗರಿಯೂ ಬೇಡ. ಅದು ಮೆತ್ತಗಿರುತ್ತದೆ, ನೀರು ಕುಡಿದು ಮುಳುಗುತ್ತದೆ. ಬಲಿತ ಊರ ಹುಂಜದ ಗರಿ ಹುಡುಕಿ. ಒಂದು ಕಾಲದಲ್ಲಿ ಇಂಗ್ಲೆಂಡ್, ಅಮೆರಿಕದ ಫ್ಲೈ ಕಟ್ಟುವವರು ಭಾರತದ ಹುಂಜದ ಕುತ್ತಿಗೆಗಳನ್ನೇ ತರಿಸಿಕೊಳ್ಳುತ್ತಿದ್ದರು.

ಗಾಳದ ಮೊನೆಯ ಹಿಂದಿರುವ ಕೊಕ್ಕೆಮುಳ್ಳನ್ನು ಇಕ್ಕಳದಿಂದ ಮೊದಲೇ ಚಪ್ಪಟೆ ಮಾಡಿ. ಮುರಿಯುವುದಿದ್ದರೆ ಈಗಲೇ ಮುರಿಯಲಿ. ನೂಲನ್ನು ಕಣ್ಣಿನಿಂದ ಒಂದು ಕಣ್ಣಿನಷ್ಟು ಹಿಂದೆ ಸರಿದು ಶುರುಮಾಡಿ. ಆ ಖಾಲಿ ಜಾಗಕ್ಕೆ ಕೊನೆಯವರೆಗೂ ಕೈ ಹಾಕಬೇಡಿ. ಬಾಲಕ್ಕೆ ಗಾಳದ ದಂಡದಷ್ಟೇ (ಕಣ್ಣಿನಿಂದ ಬಾಗುವ ತನಕದ ನೇರ ಭಾಗ) ಉದ್ದದ, ಗರಿಯ ಏಳೆಂಟು ಗಟ್ಟಿ ಎಳೆ ಸಾಕು. ನೂಲಿಗೆ ಮೇಣ ಸವರಿ, ಚಿಟಿಕೆ ತುಪ್ಪಳ ಹೊಸೆದು, ದಂಡದ ಹಿಂದಿನ ಮೂರನೇ ಎರಡು ಭಾಗಕ್ಕೆ ಮಾತ್ರ ಸುತ್ತಿ. ತುಪ್ಪಳ ಹೆಚ್ಚಾಯಿತು ಅನ್ನಿಸಿದರೆ ಅರ್ಧ ತೆಗೆಯಿರಿ.

ಇನ್ನು ಗರಿ. ಇಲ್ಲಿ ಅವಸರ ಸಲ್ಲದು. ಗರಿಯನ್ನು ಬಾಗಿಸಿ ನೋಡಿ, ಎಳೆಗಳ ಉದ್ದ ಗಾಳದ ಬಾಯಿಯ, ಅಂದರೆ ಮೊನೆಗೂ ದಂಡಕ್ಕೂ ನಡುವಿನ ಅಂತರದ, ಒಂದೂವರೆ ಪಟ್ಟು ಇರಬೇಕು. ಬುಡದ ನಯವಾದ ನವಿರನ್ನೆಲ್ಲ ಕಿತ್ತುಹಾಕಿ. ಹೊಳೆಯುವ ಮೈ ಮುಂದಕ್ಕೆ ಬರುವಂತೆ ಬರಿ ಕಡ್ಡಿಯನ್ನು ಕಟ್ಟಿ, ಆದರೆ ಎಳೆ ಶುರುವಾಗುವ ಮೊದಲು ಕೂದಲೆಳೆಯಷ್ಟು ಕಡ್ಡಿ ಬರಿದಾಗಿಯೇ ಇರಲಿ. ಇಲ್ಲವಾದರೆ ಮೊದಲ ಸುತ್ತಿನಲ್ಲೇ ಎಳೆಗಳು ದಿಕ್ಕಾಪಾಲು. ಇಕ್ಕಳದಲ್ಲಿ ತುದಿ ಹಿಡಿದು, ಒಂದು ಸುತ್ತಿನ ಪಕ್ಕ ಇನ್ನೊಂದು ತಾಗುವಂತೆ ಐದು ಸುತ್ತು. ಆರನೆಯದಕ್ಕೆ ಆಸೆಪಡಬೇಡಿ, ಕಣ್ಣು ಮುಚ್ಚುವುದು ಆ ಒಂದು ಸುತ್ತಿನಿಂದಲೇ. ಒದ್ದೆ ಬೆರಳಲ್ಲಿ ಎಳೆಗಳನ್ನು ಹಿಂದಕ್ಕೆ ಸವರಿ ಹಿಡಿದು, ಕಡ್ಡಿಯ ಮೇಲೆ ನೂಲನ್ನು ಮೂರು ಸುತ್ತು ಬಿಗಿದು ತುದಿ ಕತ್ತರಿಸಿ. ಸಿಕ್ಕಿಕೊಂಡ ಎಳೆಯನ್ನು ಸೂಜಿಯಿಂದ ಬಿಡಿಸಿ, ಎಳೆಯಬೇಡಿ.

ಕೊನೆಗೆ ಐದು ಸುತ್ತಿನ ವಿಪ್ ಫಿನಿಶ್ (ನೂಲಿನ ತುದಿಯನ್ನು ಅದರದೇ ಸುತ್ತುಗಳಡಿ ಸಿಕ್ಕಿಸಿ ಬಿಗಿಯುವ ಗಂಟು), ಸೂಜಿಮೊನೆಯಲ್ಲಿ ಒಂದು ಹನಿ ವಾರ್ನಿಷ್. ಬಣ್ಣವಿಲ್ಲದ ಉಗುರುಬಣ್ಣವೂ ನಡೆಯುತ್ತದೆ. ಫೆವಿಕ್ವಿಕ್ ಮಾತ್ರ ಮುಟ್ಟಬೇಡಿ, ಅದು ಗರಿಯೊಳಗೆ ಹರಿದು ಎಳೆಗಳನ್ನೆಲ್ಲ ಅಂಟಿಸಿಬಿಡುತ್ತದೆ.

ಕಟ್ಟಿದ್ದನ್ನು ಮೇಜಿನ ಮೇಲೆ ಬೀಳಿಸಿ ನೋಡಿ. ಬಾಲ ಮತ್ತು ಗರಿಯ ತುದಿಗಳ ಮೇಲೆ ನಿಂತರೆ ಡಬ್ಬಿಗೆ ಹಾಕಿ, ಜೊತೆಗೆ ಬಟ್ಟೆಯಲ್ಲಿ ಕಟ್ಟಿದ ಒಂದು ಹಿಡಿ ಹುರಿದ ಅಕ್ಕಿ ಇಡಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಗಾಳ ಬೇಗ ತುಕ್ಕು ಹಿಡಿಯುತ್ತದೆ.