ಸ್ಟ್ರೀಮರ್‌ಗೆ ಜಾರದ ಕುಣಿಕೆ ಹಾಕುವ ಬಗೆ

ಫ್ಲೈ ಎಂದರೆ ಗಾಳಕ್ಕೆ ಕಟ್ಟುವ ಕೃತಕ ಆಮಿಷ. ಪುಟ್ಟ ಮೀನಿನಂತೆ ಕಾಣಲೆಂದು ಕಟ್ಟಿದ ಸ್ಟ್ರೀಮರ್ ಫ್ಲೈ ನೀರಿನಲ್ಲಿ ಅತ್ತಿತ್ತ ತೊನೆಯಬೇಕು. ಗಾಳದ ಕಣ್ಣಿಗೆ ದಪ್ಪ ದಾರವನ್ನು ಬಿಗಿದು ಕಟ್ಟಿದರೆ ಅದು ಸೆಟೆದುಕೊಂಡು ಬರುತ್ತದೆ. ಇಂಥಲ್ಲಿಗೆ ನಾನ್-ಸ್ಲಿಪ್ ಲೂಪ್, ಅಂದರೆ ಜಾರದ ಕುಣಿಕೆಯೇ ಸರಿ. ಅಮೆರಿಕದ ಹೆಸರಾಂತ ಫ್ಲೈ ಮೀನುಗಾರ ಲೆಫ್ಟಿ ಕ್ರೇ ಅವರಿಂದ ಹೆಸರಾದ ಕಾರಣ ಇದಕ್ಕೆ ಕ್ರೇ ಲೂಪ್ ಎಂದೂ ಹೇಳುತ್ತಾರೆ.

ಫ್ಲೈ ಕಟ್ಟುವ ಕೊನೆಯ ದಾರವಾದ ಟಿಪೆಟ್ಟಿನ ತುದಿಯಲ್ಲಿ ಸುಮಾರು 20 ಸೆಂ.ಮೀ. ಬಿಟ್ಟು ಒಂದು ಸಾದಾ ಗಂಟು ಹಾಕಿ. ಬಿಗಿಯಬೇಡಿ, ಬಟಾಣಿ ಕಾಳು ತೂರುವಷ್ಟು ಬಾಯಿ ತೆರೆದಿರಲಿ. ತುದಿಯನ್ನು ಗಾಳದ ಕಣ್ಣಿನಲ್ಲಿ ತೂರಿಸಿ, ಹಿಂದಕ್ಕೆ ತಂದು ಅದೇ ಗಂಟಿನೊಳಗೆ ಹಾಯಿಸಿ. ಗಂಟಿನ ಯಾವ ಮಗ್ಗುಲಿಂದ ತುದಿ ಹೊರಟಿತ್ತೋ ಅದೇ ಮಗ್ಗುಲಿಂದ ಒಳಹೋಗಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ. ಮಗ್ಗುಲು ಬದಲಾದರೆ ಗಂಟು ಓರೆಯಾಗಿ ಕೂರುತ್ತದೆ, ಬಲವೂ ತಗ್ಗುತ್ತದೆ.

ಕುಣಿಕೆಯ ಅಳತೆಯನ್ನು ಈಗಲೇ ನಿಶ್ಚಯಿಸಬೇಕು, ಆಮೇಲೆ ತಿದ್ದಲಾಗದು. ಗಂಟನ್ನು ಸ್ವಲ್ಪ ಕಿರಿದು ಮಾಡಿ ಕಣ್ಣಿನ ಹತ್ತಿರಕ್ಕೆ ಸರಿಸಿ. 6ರಿಂದ 10 ಮಿ.ಮೀ. ಕುಣಿಕೆ ಸಾಕು. ಅದಕ್ಕಿಂತ ದೊಡ್ಡದಾದರೆ ಬೀಸುವಾಗ ಗಾಳದ ಮೊನೆಯೇ ಕುಣಿಕೆಗೆ ಸಿಕ್ಕಿಕೊಳ್ಳುತ್ತದೆ.

ಮುಂದೆ ತುದಿಯನ್ನು ಮೂಲ ದಾರದ ಮೇಲೆ ಸುತ್ತಿ. ಎಷ್ಟು ಸುತ್ತು ಎಂಬುದು ದಾರ ತಡೆಯುವ ಭಾರದ (ಪೌಂಡಿನಲ್ಲಿ) ಮೇಲೆ ಹೋಗುತ್ತದೆ: ತೆಳು ದಾರಕ್ಕೆ 7, 8ರಿಂದ 12 ಪೌಂಡಿನದಕ್ಕೆ 5, 15ರಿಂದ 40 ಪೌಂಡಿನದಕ್ಕೆ 4. ತೆಳು ದಾರಕ್ಕೆ ಸುತ್ತು ಕಡಿಮೆಯಾದರೆ ಜಾರುತ್ತದೆ, ದಪ್ಪ ದಾರಕ್ಕೆ ಹೆಚ್ಚಾದರೆ ಗಂಟು ಪೂರ್ತಿ ಕೂರುವುದೇ ಇಲ್ಲ. ಸುತ್ತು ಒಂದರ ಮೇಲೊಂದು ಏರಬಾರದು. ಕಡೆಗೆ ತುದಿಯನ್ನು ಸಾದಾ ಗಂಟಿನೊಳಗೆ ಮರಳಿ ಹಾಯಿಸಿ, ಈ ಸಲವೂ ಹೊರಬಂದ ಮಗ್ಗುಲಿಂದಲೇ. ಆಗ ತುದಿ ಫ್ಲೈ ಕಡೆಗೆ ಮುಖ ಮಾಡಿ ನಿಲ್ಲುತ್ತದೆ.

ಬಿಗಿಯುವ ಮೊದಲು ಎಂಜಲಿನಿಂದಲೋ ನೀರಿನಿಂದಲೋ ಚೆನ್ನಾಗಿ ಒದ್ದೆ ಮಾಡಿ. ಒಣ ದಾರ ಉಜ್ಜಿ ಬಿಸಿಯಾಗಿ ಸವೆಯುತ್ತದೆ. ಫ್ಲೋರೋಕಾರ್ಬನ್ ಎಂಬ ಬಗೆಯ ದಾರವಾದರೆ ಇನ್ನಷ್ಟು ಎಚ್ಚರ ಬೇಕು. ಮೊದಲು ತುದಿಯನ್ನು ಮೆಲ್ಲಗೆ ಎಳೆದು ಸುತ್ತುಗಳನ್ನು ಒತ್ತಟ್ಟಿಗೆ ತನ್ನಿ. ಬಳಿಕ ಗಾಳವನ್ನು ಇಕ್ಕಳದಲ್ಲಿ ಹಿಡಿದು ಮೂಲ ದಾರವನ್ನು ಒಂದೇ ಸಮ ಎಳೆಯಿರಿ, ಜಗ್ಗಬೇಡಿ. 2 ಮಿ.ಮೀ. ಬಿಟ್ಟು ತುದಿ ಕತ್ತರಿಸಿ, ಇನ್ನೊಮ್ಮೆ ಬಲವಾಗಿ ಎಳೆದು ನೋಡಿ. ಕುಣಿಕೆ ಕಿರಿದಾದರೆ ಕತ್ತರಿಸಿ ಹೊಸದು ಹಾಕುವುದೇ ಲೇಸು.

ಲೀಡರನ್ನು (ಟಿಪೆಟ್ಟಿಗೂ ಲೈನಿಗೂ ನಡುವಿನ ದಾರ) ಫ್ಲೈ ಲೈನಿಗೆ, ಅಂದರೆ ಬೀಸುವ ದಪ್ಪ ಮುಖ್ಯ ದಾರಕ್ಕೆ, ಸೇರಿಸುವ ಕುಣಿಕೆಗೂ ಇಷ್ಟೇ ಗಮನ ಕೊಡಿ. ಲೀಡರಿನ ಕುಣಿಕೆಯೊಳಗೆ ಲೈನಿನ ಕುಣಿಕೆಯನ್ನು ತೂರಿಸಿ, ಲೀಡರಿನ ಇನ್ನೊಂದು ತುದಿಯನ್ನು ಲೈನಿನ ಕುಣಿಕೆಯಲ್ಲಿ ಹಾಯಿಸಿ ಪೂರ್ತಿ ಎಳೆಯಿರಿ. ಎರಡೂ ಕುಣಿಕೆಗಳು ಸರಿಸಮನಾಗಿ ಹೆಣೆದುಕೊಂಡಿರಬೇಕು. ಒಂದು ಕುಣಿಕೆ ಮಡಚಿ ಇನ್ನೊಂದರ ಕತ್ತು ಹಿಸುಕುತ್ತಿದ್ದರೆ ಬಿಚ್ಚಿ ಸರಿಪಡಿಸಿ. ಹಾಗೇ ಬಿಟ್ಟರೆ ಲೀಡರು ಲೈನಿನ ಹೊದಿಕೆಯನ್ನು ಕೊಯ್ದುಬಿಡುತ್ತದೆ.