ಓಬವ್ವನ ಕಿಂಡಿಗೆ ಯಾವ ಬೆಳಕು? ರಂಗಬೆಳಕಿನ ವಿನ್ಯಾಸವನ್ನು ಕೃತಿಯಾಗಿ ದಾಖಲಿಸುವ ಬಗೆ

ನಾಟಕದ ಕರಪತ್ರದಲ್ಲಿ ರಚನೆ, ನಿರ್ದೇಶನ, ಸಂಗೀತ ಎಲ್ಲ ಮುಗಿದ ಮೇಲೆ 'ಧ್ವನಿ-ಬೆಳಕು' ಎಂಬ ಒಂದು ಸಾಲು ಬರುತ್ತದೆ. ಬಹಳ ಸಲ ಅಲ್ಲಿರುವುದು ಬಾಡಿಗೆ ಅಂಗಡಿಯ ಹೆಸರು. ದೀಪ ತಂದವರು ಒಬ್ಬರು, ಬೆಳಕನ್ನು ಏರಿಸಿ ಇಳಿಸುವ ಫೇಡರ್ ಎಳೆದವರು ಇನ್ನೊಬ್ಬರು, ಆ ದೃಶ್ಯಕ್ಕೆ ಆ ಬೆಳಕೇ ಬೇಕೆಂದು ಕಂಡುಕೊಂಡವರು ಮತ್ತೊಬ್ಬರು. ಈ ಮೂರನೆಯವರ ಕೆಲಸ ನಿರ್ದೇಶಕರ, ಸಂಗೀತ ಸಂಯೋಜಕರ ಕೆಲಸದಷ್ಟೇ ಸೃಜನಶೀಲ. ಆದರೆ ಸಂಗೀತಕ್ಕೆ ಸ್ವರಲಿಪಿಯಿದೆ, ನಾಟಕಕ್ಕೆ ಹಸ್ತಪ್ರತಿಯಿದೆ. ಬೆಳಕಿಗೂ ಅಂಥದ್ದೊಂದು ಪ್ರತಿ ಇರಬೇಕು. ಚಿತ್ರದುರ್ಗ, ದಾವಣಗೆರೆಯ ಹವ್ಯಾಸಿ ತಂಡಗಳು ದೊಡ್ಡ ಖರ್ಚಿಲ್ಲದೆ ಅದನ್ನು ಮಾಡಿಕೊಳ್ಳಬಹುದು.

ಮೊದಲು ಉದ್ದೇಶ ಬರೆಯಿರಿ, ದೀಪಗಳ ಪಟ್ಟಿ ಆಮೇಲೆ. ಓಬವ್ವನ ಕಿಂಡಿಯ ದೃಶ್ಯವನ್ನೇ ತೆಗೆದುಕೊಳ್ಳಿ. 'ರಾತ್ರಿ, ನೀಲಿ ಬೆಳಕು' ಎಂದಷ್ಟೇ ಬರೆದರೆ ಅದರಲ್ಲಿ ವಿನ್ಯಾಸವೇನೂ ಇಲ್ಲ. 'ಸೈನಿಕ ಕಾಣುವ ಮೊದಲು ಅವನ ನೆರಳು ಒಳಗೆ ಬರಬೇಕು. ಓಬವ್ವನೂ ಪ್ರೇಕ್ಷಕರೂ ಅದನ್ನು ಒಟ್ಟಿಗೇ ನೋಡಬೇಕು' ಎಂದು ಬರೆದರೆ ಅದು ಒಂದು ಆಯ್ಕೆ. ಮುಂದಿನ ತಾಂತ್ರಿಕ ತೀರ್ಮಾನಗಳೆಲ್ಲ ಇದರಿಂದಲೇ ಹುಟ್ಟುತ್ತವೆ. ನೆರಳಿಗೆ ಅಂಚು ಬೇಕೆಂದರೆ ಬೆಳಕಿನ ಮೂಲ ಒಂದೇ ಇರಬೇಕು, ಚಿಕ್ಕದಾಗಿರಬೇಕು. ಕಿಂಡಿಯ ಹಿಂದೆ ಹತ್ತು-ಹನ್ನೆರಡು ಅಡಿ ದೂರದಲ್ಲಿ, ಸೊಂಟದ ಎತ್ತರಕ್ಕೆ ಒಂದು ಪ್ರೊಫೈಲ್ ಸ್ಪಾಟ್ (ಸ್ಪಷ್ಟ ಅಂಚಿನ ಬೆಳಕು ಬೀರುವ ದೀಪ) ಸಾಕು. ಅಲ್ಲಿ ಹಲವು ಬಣ್ಣದ ಬಲ್ಬುಗಳಿರುವ ಅಗ್ಗದ ಎಲ್‌ಇಡಿ ಪಾರ್ ದೀಪ ಇಟ್ಟರೆ ಒಂದು ನೆರಳಿನ ಬದಲು ಅಂಚಿನಲ್ಲಿ ಕೆಂಪು, ಹಸಿರು, ನೀಲಿ ಬಿರಿದ ಹಲವು ನೆರಳುಗಳು ಬೀಳುತ್ತವೆ. ಮೃದು ಅಂಚಿನ ಬೆಳಕು ಬೀರುವ ಫ್ರೆನೆಲ್ ದೀಪ ಇಟ್ಟರೆ ನೆರಳಿನ ಅಂಚು ಮಸುಕಾಗುತ್ತದೆ. ನಟ ದೀಪಕ್ಕೆ ಹತ್ತಿರವಾದಷ್ಟೂ ನೆರಳು ದೊಡ್ಡದು, ಆದ್ದರಿಂದ ಅವನು ನಿಲ್ಲುವ ಜಾಗಕ್ಕೆ ನೆಲದಲ್ಲಿ ಟೇಪ್ ಗುರುತು ಹಾಕಿ, ನಕ್ಷೆಯಲ್ಲೂ ತೋರಿಸಿ. ಮುಂಬದಿಯ ದೀಪಗಳು ಹತ್ತು ಪ್ರತಿಶತಕ್ಕಿಂತ ಮೇಲಿದ್ದರೆ ನೆರಳು ತೊಳೆದುಹೋಗುತ್ತದೆ. ಈ ದೃಶ್ಯ ಕೆಡುವುದು ಹೆಚ್ಚಾಗಿ ಇಲ್ಲೇ: 'ಮುಖ ಕಾಣುತ್ತಿಲ್ಲ' ಎಂದು ಯಾರೋ ಕೂಗಿದ ಕೂಡಲೇ ಮುಂದಿನ ಬೆಳಕು ಏರಿಬಿಡುತ್ತದೆ.

ನಕ್ಷೆಗೆ 1:50 ಅಳತೆ ಅನುಕೂಲ. ಮೂವತ್ತು ಅಡಿ ಅಗಲದ ರಂಗ ಸುಮಾರು 18 ಸೆಂಟಿಮೀಟರ್ ಆಗಿ ಎ4 ಹಾಳೆಯಲ್ಲೇ ಕೂರುತ್ತದೆ. ಪ್ರತಿ ದೀಪಕ್ಕೂ ಸಂಖ್ಯೆ, ಬಗೆ, ವ್ಯಾಟ್, ಎತ್ತರ, ದೀಪದ ಮುಂದಿಡುವ ಬಣ್ಣದ ಹಾಳೆಯ ಸಂಖ್ಯೆ, ಚಾನೆಲ್ (ಅದನ್ನು ನಿಯಂತ್ರಿಸುವ ಸಾಲಿನ ಸಂಖ್ಯೆ) ಬರೆಯಿರಿ. ಎಂಟು ಚಾನೆಲ್‌ನ ಎಲ್‌ಇಡಿಗಳಾದರೆ ಡಿಎಂಎಕ್ಸ್ (ದೀಪಗಳಿಗೆ ಆದೇಶ ಕಳಿಸುವ ಡಿಜಿಟಲ್ ವ್ಯವಸ್ಥೆ) ವಿಳಾಸ 1, 9, 17 ಎಂದು ಸಾಗಬೇಕು. 1, 2, 3 ಎಂದು ಕೊಟ್ಟರೆ ಒಂದರ ಕೆಂಪು ಇನ್ನೊಂದರ ಹಸಿರನ್ನು ಎಳೆಯುತ್ತದೆ. ಹ್ಯಾಲೊಜೆನ್ ಬಳಸುವವರು ಲೋಡನ್ನೂ ಹಾಳೆಯಲ್ಲೇ ಲೆಕ್ಕ ಹಾಕಲಿ: 230 ವೋಲ್ಟ್‌ನಲ್ಲಿ 1000 ವ್ಯಾಟ್ ಎಂದರೆ 4.3 ಆಂಪಿಯರ್, 15 ಆಂಪಿಯರ್ ಸಾಕೆಟ್ಟಿಗೆ ಅಂಥ ದೀಪ ಮೂರಕ್ಕಿಂತ ಹೆಚ್ಚು ಬೇಡ.

ಬೆಳಕು ಯಾವಾಗ, ಹೇಗೆ ಬದಲಾಗಬೇಕೆಂಬ ಸೂಚನೆಯೇ ಕ್ಯೂ. ಕ್ಯೂ ಹಾಳೆಯೇ ಈ ಕೃತಿಯ ಜೀವ. ಒಂದು ಸಾಲು ಹೀಗಿರಬಹುದು: 'ಕ್ಯೂ 14. ಓಬವ್ವ ಕೊಡ ಇಳಿಸಿದ ಕ್ಷಣ. ಚಾನೆಲ್ 7, ಸೊನ್ನೆಯಿಂದ 60ಕ್ಕೆ, 8 ಸೆಕೆಂಡ್. ಚಾನೆಲ್ 3 ಮತ್ತು 4, 50ರಿಂದ 10ಕ್ಕೆ, 5 ಸೆಕೆಂಡ್. ಕಾರಣ: ಅವಳ ಕಣ್ಣು ಕತ್ತಲಿಗೆ ಹೊಂದಿಕೊಳ್ಳುವ ಹೊತ್ತು.' ಕೊನೆಯ ಅಂಕಣವನ್ನು ಖಾಲಿ ಬಿಡುವವರೇ ಹೆಚ್ಚು. ಆದರೆ ನಿರ್ವಾಹಕರ ಸೂಚನೆಪಟ್ಟಿಯನ್ನು ವಿನ್ಯಾಸಕಾರರ ಕೃತಿಯನ್ನಾಗಿ ಮಾಡುವುದು ಆ ಕಾರಣವೇ.

ಊರೂರು ತಿರುಗುವಾಗಲೂ ಅದೇ ಕಾಪಾಡುತ್ತದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶಿವಸಂಚಾರದಂತಹ ಸಂಚಾರಿ ತಂಡಗಳಿಗೆ ಇದು ಚೆನ್ನಾಗಿ ಗೊತ್ತಿರುವ ಕಷ್ಟ: ಒಂದು ಊರಿನಲ್ಲಿ ಸಿಕ್ಕ ದೀಪ ಇನ್ನೊಂದರಲ್ಲಿ ಸಿಗುವುದಿಲ್ಲ. ಕಾರಣ ಬರೆದಿದ್ದರೆ ಬೇರೆ ದೀಪದಿಂದಲೂ ಅದೇ ಅರ್ಥ ಹೊರಡಿಸಬಹುದು. ಬಯಲು ರಂಗಕ್ಕೆ ಬೇರೆಯೇ ಹಾಳೆ ಮಾಡಿ. ನವೆಂಬರ್‌ನಲ್ಲಿ ಸೂರ್ಯ ಆರರ ಆಸುಪಾಸು ಮುಳುಗಿದ ಮೇಲೂ ಸ್ವಲ್ಪ ಹೊತ್ತು ಆಕಾಶದ ಬೆಳಕು ಉಳಿದಿರುತ್ತದೆ. ಮೊದಲ ಅರ್ಧ ಗಂಟೆಯ ಸೂಕ್ಷ್ಮ ಕ್ಯೂಗಳನ್ನು ಅದು ನುಂಗುತ್ತದೆ. ದುರ್ಗದ ಗಾಳಿಗೆ ಸ್ಟ್ಯಾಂಡಿನ ಬುಡದಲ್ಲಿ ಮರಳಿನ ಚೀಲ ಕಡ್ಡಾಯ. ಚಿಂದೋಡಿಯವರ ನಾಟಕ ಕಂಪನಿಯಿಂದ ಹೆಸರಾದ ದಾವಣಗೆರೆಯಲ್ಲಿ ಚಿತ್ರ ಬರೆದ ಪರದೆಗಳ ನಾಟಕಗಳಿಗೆ ಬೆಳಕು ಮಾಡುವವರು ಒಂದು ನೆನಪಿಡಲಿ: ಕಡು ನೀಲಿಯಡಿ ಪರದೆಯ ಕೆಂಪು ಕಪ್ಪಾಗುತ್ತದೆ. ನಟರು ಪರದೆಯಿಂದ ಐದಾರು ಅಡಿ ಮುಂದೆ ನಿಂತು, ದೀಪ 45 ಡಿಗ್ರಿ ಮೇಲಿನಿಂದ ಬಂದರೆ ಅವರ ನೆರಳು ಪರದೆಯ ಮೇಲಿನ ಅರಮನೆಯ ಗೋಡೆ ಹತ್ತುವುದಿಲ್ಲ.

ಫೋಟೊ ತೆಗೆಯುವಾಗ ಕ್ಯಾಮೆರಾವನ್ನು ಆಟೊದಲ್ಲಿ ಬಿಡಬೇಡಿ. ಕತ್ತಲನ್ನು ಅದು ಬೂದು ಮಾಡುತ್ತದೆ, ಹೊಂಬಣ್ಣವನ್ನು ಬಿಳಿ ಮಾಡುತ್ತದೆ. ಹ್ಯಾಲೊಜೆನ್ ಆದರೆ ವೈಟ್ ಬ್ಯಾಲೆನ್ಸ್ 3200 ಕೆಲ್ವಿನ್, ಶಟರ್ 1/50. ಶಟರ್ ಇದಕ್ಕಿಂತ ವೇಗವಾದರೆ ಎಲ್‌ಇಡಿಯ ಪಟ್ಟೆಗಳು ಮೂಡಬಹುದು. ಪ್ರತಿ ಚಿತ್ರಕ್ಕೂ ಕ್ಯೂ ಸಂಖ್ಯೆಯನ್ನೇ ಹೆಸರಾಗಿ ಕೊಡಿ.

ಮನ್ನಣೆಯ ದಾರಿ ಹೊಸದೇನಲ್ಲ. ಅಮೆರಿಕದ ರಂಗಭೂಮಿಯ ಟೋನಿ ಪ್ರಶಸ್ತಿಗಳಲ್ಲಿ ಬೆಳಕಿನ ವಿನ್ಯಾಸಕ್ಕೆ 1970ರಿಂದ ಪ್ರತ್ಯೇಕ ವಿಭಾಗವಿದೆ. ನಮ್ಮಲ್ಲಿ ಕೋಲ್ಕತ್ತದ ತಾಪಸ್ ಸೇನ್ ಅವರಿಗೆ ಬೆಳಕಿಗಾಗಿಯೇ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂದಿತ್ತು. 1957ರ ಹಕ್ಕುಸ್ವಾಮ್ಯ ಕಾಯ್ದೆ ರಂಗಬೆಳಕನ್ನು ಹೆಸರಿಸಿ ಹೇಳುವುದಿಲ್ಲ. ಆದರೆ ಬರಹದಲ್ಲೋ ಬೇರೆ ರೀತಿಯಲ್ಲೋ ದಾಖಲಾದ ದೃಶ್ಯಜೋಡಣೆಯನ್ನು ನಾಟಕಕೃತಿಯ ವ್ಯಾಖ್ಯೆಯೊಳಗೆ ಸೇರಿಸಿದೆ. ನಕ್ಷೆ, ರೇಖಾಚಿತ್ರಗಳು ಕಲಾಕೃತಿಯ ವ್ಯಾಖ್ಯೆಯಲ್ಲಿ ಬರುತ್ತವೆ. ಬಾಯಿಮಾತಿನಲ್ಲಷ್ಟೇ ಉಳಿದ ಬೆಳಕಿಗೆ ಈ ಆಸರೆಯೂ ಇಲ್ಲ.

ಆದ್ದರಿಂದ ತಾಲೀಮು ಶುರುವಾಗುವ ಮೊದಲೇ ತಂಡದೊಂದಿಗೆ ಒಂದು ಪುಟದ ಪತ್ರ ಮಾಡಿಕೊಳ್ಳಿ: ಹೆಸರು ಎಲ್ಲೆಲ್ಲಿ ಬರಬೇಕು, ಮರುಪ್ರದರ್ಶನಕ್ಕೆ ಸಂಭಾವನೆ ಎಷ್ಟು, ಕ್ಯೂ ಬದಲಿಸಬೇಕಾದರೆ ಯಾರನ್ನು ಕೇಳಬೇಕು. ಕರಪತ್ರದಲ್ಲಿ 'ಬೆಳಕಿನ ವಿನ್ಯಾಸ', 'ಬೆಳಕಿನ ನಿರ್ವಹಣೆ', 'ದೀಪ ಸಲಕರಣೆ' ಎಂದು ಮೂರು ಸಾಲು ಬೇರೆಬೇರೆಯಾಗಿ ಅಚ್ಚಾಗಲಿ, ಮೊದಲನೆಯದು ಸಂಗೀತ, ರಂಗಸಜ್ಜಿಕೆಗಳ ಪಕ್ಕದಲ್ಲೇ ಇರಲಿ. ನಕ್ಷೆ ಮತ್ತು ಕ್ಯೂ ಹಾಳೆಗೆ ದಿನಾಂಕ ಹಾಕಿ ಸಹಿ ಮಾಡಿ, ಒಂದು ಪ್ರತಿ ನಿರ್ದೇಶಕರಿಗೆ, ಒಂದು ನಿರ್ವಾಹಕರಿಗೆ ಕೊಟ್ಟು ಮೂಲವನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ಪ್ರದರ್ಶನದ ನಂತರ ಬದಲಾದ ಕ್ಯೂಗಳನ್ನು ಅದೇ ವಾರ ತಿದ್ದಿ ಬರೆಯಿರಿ.