ಹೆಸರು ಬೆಳೆ ಹಳದಿಯಾಯ್ತಾ? ಔಷಧಿ ತರುವ ಮುಂಚೆ ಎಲೆ ನೋಡಿ

ಮುಂಗಾರಿನ ಹೆಸರು ಬಿತ್ತಿ ತಿಂಗಳಾಗುವಷ್ಟರಲ್ಲಿ ಅಲ್ಲಲ್ಲಿ ಎಲೆ ಹಳದಿಯಾದರೆ ಕೆಲವರು ಗೊಬ್ಬರ ಸಾಲಲಿಲ್ಲ ಅಂತ ಯೂರಿಯಾ ಎರಚುತ್ತಾರೆ, ಇನ್ನು ಕೆಲವರು ಅಂಗಡಿಯವರು ಕೊಟ್ಟ ಯಾವುದೋ ಶಿಲೀಂಧ್ರನಾಶಕ ಹೊಡೆಯುತ್ತಾರೆ. ಬಂದಿರುವುದು ಹಳದಿ ನಂಜು ರೋಗವಾದರೆ ಎರಡೂ ದಂಡ. ಇದು ವೈರಸ್. ಬಿಳಿ ನೊಣ ಹೊತ್ತು ತರುತ್ತದೆ.

ಮೊದಲು ಬದುವಿನ ಮೇಲೆ ನಿಂತು ಇಡೀ ಹೊಲ ನೋಡಿ. ನಂಜಾದರೆ ಶುರುವಿನಲ್ಲಿ ಇಲ್ಲೊಂದು ಅಲ್ಲೊಂದು ಗಿಡ ಹಳದಿ, ಪಕ್ಕದ್ದು ಹಸಿರು. ನೀರು ನಿಂತ ತಗ್ಗೋ, ಸುಣ್ಣದಂಶ ಜಾಸ್ತಿ ಇರುವ ಪಟ್ಟಿಯೋ ಒಟ್ಟಿಗೇ ಹಳದಿಯಾಗಿದ್ದರೆ ಅನುಮಾನ ಮಣ್ಣಿನ ಮೇಲೆ ಹೋಗಬೇಕು.

ಈಗ ಹಳದಿ ಗಿಡದ ಎಳೆ ಎಲೆ ಕಿತ್ತು ಬೆಳಕಿಗೆ ಹಿಡಿಯಿರಿ. ಮುಖ್ಯ ಪರೀಕ್ಷೆ ಇದೇ, ಆತುರ ಬೇಡ. ಕಬ್ಬಿಣದ ಕೊರತೆಯಿದ್ದರೆ ನರಗಳು ಹಸಿರಾಗೇ ಉಳಿದು ನಡುವಿನ ಜಾಗ ಮಾತ್ರ ಬಿಳಿಚಿಕೊಳ್ಳುತ್ತದೆ, ಹಸಿರು ಬಲೆ ಹಾಸಿದ ಹಾಗೆ. ನಂಜಿನಲ್ಲಿ ಆ ಶಿಸ್ತು ಇಲ್ಲ: ಮೊದಲು ಸಣ್ಣ ಹಳದಿ ಚುಕ್ಕೆ, ಆಮೇಲೆ ಅವೆಲ್ಲ ಕೂಡಿಕೊಂಡು ಕಣ್ಣಿಗೆ ಹೊಡೆಯುವ ಮಚ್ಚೆಗಳಾಗಿ ನರವನ್ನೂ ದಾಟಿ ಹರಡುತ್ತವೆ, ನಡುನಡುವೆ ಅಂಕುಡೊಂಕಾದ ಹಸಿರು ತುಂಡುಗಳು ಉಳಿದಿರುತ್ತವೆ. ಬುಡದ ಹಳೇ ಎಲೆಯಿಂದ ಶುರುವಾಗಿ ಸಮನಾಗಿ ಹಳದಿಯಾಗಿದ್ದರೆ ಅದು ಸಾರಜನಕದ ಕೊರತೆ ಇರಬಹುದು.

ಆಮೇಲೆ ಬೆಳಿಗ್ಗೆ ಹೊತ್ತಲ್ಲಿ ಗಿಡವನ್ನು ಮೆಲ್ಲಗೆ ಅಲುಗಾಡಿಸಿ. ಒಂದು ಮಿಲಿಮೀಟರ್ ಆಸುಪಾಸಿನ ಬಿಳಿ ಹುಳುಗಳು ಪುರ್ ಅಂತ ಎದ್ದು ಮತ್ತೆ ಎಲೆಯಡಿಗೇ ಕೂರುತ್ತವೆ. ಅವೇ ಬಿಳಿ ನೊಣ. ಕಾಣಲಿಲ್ಲ ಅಂತ ಸುಮ್ನೆ ನಿರಾಳವಾಗಬೇಡಿ, ನೊಣ ವೈರಸ್ ಅಂಟಿಸಿ ಎಷ್ಟೋ ದಿನ ಕಳೆದ ಮೇಲೆ ಎಲೆ ಹಳದಿಯಾಗುವುದು.

ಇನ್ನೂ ಅನುಮಾನವೇ? ಒಂದೆರಡು ಗಿಡಕ್ಕೆ ದಾರ ಕಟ್ಟಿ ಗುರುತು ಮಾಡಿ, ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಕಲಸಿ ಸಿಂಪಡಿಸಿ. ಹೊಸ ಎಲೆ ಹಸಿರಾಗಿ ಬಂದರೆ ಕಬ್ಬಿಣದ ಕೊರತೆ. ನಂಜು ಇದಕ್ಕೆ ಜಗ್ಗುವುದಿಲ್ಲ. ಕಾಯಿ ಕಟ್ಟಿದ ಮೇಲಂತೂ ಗೊತ್ತಾಗೇ ಆಗುತ್ತದೆ: ಕಾಯಿ ಕಡಿಮೆ, ಇದ್ದವೂ ಹಳದಿಯಾಗಿ ಸೊಟ್ಟಗೆ, ಒಳಗೆ ಜೊಳ್ಳು ಕಾಳು. ಆದರೆ ಅಷ್ಟು ಹೊತ್ತಿಗೆ ಗೊತ್ತಾಗಿ ಏನು ಪ್ರಯೋಜನ, ಅಲ್ವಾ?

ನಂಜು ಹತ್ತಿದ ಗಿಡ ವಾಸಿಯಾಗುವುದಿಲ್ಲ. ಬೆರಳೆಣಿಕೆಯಷ್ಟಿದ್ದಾಗಲೇ ಕಿತ್ತು ಸುಟ್ಟುಬಿಡಿ. ಕೀಟನಾಶಕ ಹೊಡೆಯುವುದಾದರೆ ಅದು ನೊಣಕ್ಕೆ, ರೋಗಕ್ಕಲ್ಲ. ಪಕ್ಕದಲ್ಲಿ ಉದ್ದು, ಸೋಯಾ ಇದ್ದರೆ ಅಲ್ಲೂ ಒಂದು ಸುತ್ತು ಹಾಕಿ ಬನ್ನಿ, ಅವಕ್ಕೂ ಹಳದಿ ನಂಜು ಬರುತ್ತದೆ.